ಕಲ್ಲಿಗೆ ಒಂದು ತಿಂಗಳು

"ಅಲ್ರೀ ವೈನಿ, ಈ ಕಲ್ಲು ತಿಕ್ಕೋ ಮಷಿನ್ನಿಂದ ಏನ ಉಪಯೋಗ?"

ಎದುರುಮನೆಯವರು ಹೀಗೆ ಕೇಳಿದಾಗ ನಾನು ಗ್ರೈಂಡರಿನಿಂದ ದೋಸೆಹಿಟ್ಟು ಬಳಿದು ತೆಗೆಯುತ್ತಿದ್ದೆ. ಕೈಯೆಲ್ಲ ಹಿಟ್ಟಾಗಿದ್ದರಿಂದ ಆಗ ಉತ್ತರ ಕೊಡಲಾಗಲಿಲ್ಲ. ಈಗ ಕೈ ತೊಳೆದುಕೊಂಡು ಕೂತಿದ್ದೇನೆ, ಕೊಡುತ್ತೇನೆ.

ನಮ್ಮ ಮನೆಯಲ್ಲಿ ಮೋಟರಿರುವ ಸಾಮಾನುಗಳನ್ನು ಒಮ್ಮೆ ಎಣಿಸಿ ನೋಡಿದೆ. ಗ್ರೈಂಡರು, ಮಿಕ್ಸಿ, ವಾಷಿಂಗ್ ಮಷಿನ್ನು, ನೀರೆತ್ತುವ ಪಂಪು. ಪ್ರತಿಯೊಂದನ್ನು ತರುವಾಗಲೂ "ನಿನಗ ಅನುಕೂಲ ಆಗ್ಲಿ ಅಂತ" ಎಂದೇ ಹೇಳಿದರು. ಆದರೆ ರುಬ್ಬಿದ್ದು ಎಲ್ಲರ ಹೊಟ್ಟೆಗೆ, ಒಗೆದದ್ದು ಎಲ್ಲರ ಮೈಗೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಯಾರ ಹೊಟ್ಟೆಗೂ ಯಾರ ಮೈಗೂ ಹೋಗದೆ, ನನಗೆ ಬೇಕೆನಿಸಿದ್ದಕ್ಕೆ ಮಾತ್ರ ತಿರುಗುವ ಮೋಟರು ಈ ಮನೆಯಲ್ಲಿ ಇದೊಂದೇ. ಅದಕ್ಕೇ ಎಲ್ಲರ ಕಣ್ಣು ಇದರ ಮೇಲೆ. ನಮ್ಮ ಮನೆಯವರ ಕೇರಂ ಬೋರ್ಡಿನಿಂದ ಏನು ಉಪಯೋಗ, ಮಗನ ಕ್ಯಾಮೆರಾದಿಂದ ಏನು ಉಪಯೋಗ ಎಂದು ನಮ್ಮ ಓಣಿಯಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎರಡು ರೋಲರುಗಳ ಮೇಲೆ ಅಡ್ಡ ಮಲಗಿದ ಒಂದು ಡಬ್ಬಿ. ಅದರೊಳಗೆ ಕಲ್ಲು, ನೀರು, ಉಜ್ಜುವ ಪುಡಿ. ಸಣ್ಣ ಮೋಟರು ಬೆಲ್ಟಿನಿಂದ ರೋಲರು ತಿರುಗಿಸುತ್ತದೆ, ಡಬ್ಬಿ ಹಗಲು ರಾತ್ರಿ ಉರುಳುತ್ತದೆ. ಇದಕ್ಕೆ ಟಂಬ್ಲರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದರ ಹೆಸರು "ಕಲ್ಲಿನ ಗಿರಣಿ".

ನನ್ನ ತವರು ವಿಜಯಪುರ ಜಿಲ್ಲೆಯ ಡೋಣಿ ನದಿಯ ದಂಡೆ. ಮಳೆ ಬಂದುಹೋದ ಮೇಲೆ ಎರೆಹೊಲದಲ್ಲಿ ಬಿಳಿ, ಬೂದು, ಜೇನಿನ ಬಣ್ಣದ ಕಲ್ಲುಗಳು ತಲೆ ಎತ್ತುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾದಲ್ಲಿ ಗಾಳಿಗುಳ್ಳೆಗಳಿಂದ ಉಳಿದ ಪೊಳ್ಳುಗಳೊಳಗೆ ಸಿಲಿಕಾ ಪದರ ಪದರವಾಗಿ ಕೂತು ಆದ ಅಗೇಟ್ ಮತ್ತು ಅದರ ಬಳಗದ ಕಲ್ಲುಗಳು ಇವು. ಆಗ ನಮಗೆ ಅದೆಲ್ಲ ತಿಳಿದಿರಲಿಲ್ಲ. ಐದು ಕಲ್ಲಿನ ಆಟಕ್ಕೆ ಉರುಟಾದವನ್ನು ಆರಿಸಿ ಲಂಗದಲ್ಲಿ ತುಂಬಿಕೊಂಡು ಬರುತ್ತಿದ್ದೆವು. ನೀರಲ್ಲಿ ಅದ್ದಿದಾಗ ಹೊಳೆದು, ಒಣಗಿದ ಕೂಡಲೇ ಮಂಕಾಗುತ್ತಿದ್ದವು. ಆ ಹಸಿ ಹೊಳಪು ಹಾಗೇ ನಿಲ್ಲಬೇಕೆಂಬ ಆಸೆ ನನಗೆ ಅಂದಿನಿಂದ ಇತ್ತು. ಅದಕ್ಕೆ ಯಂತ್ರವಿದೆ ಎಂದು ತಿಳಿಯುವಷ್ಟರಲ್ಲಿ ನನಗೆ ಐವತ್ತೆರಡು ದಾಟಿತ್ತು.

ಮೊದಲ ಯಂತ್ರವನ್ನು ಮಗ ತಂದುಕೊಟ್ಟ. ಮಕ್ಕಳ ಆಟಿಕೆ ಅದು. ಪೆಟ್ಟಿಗೆಯ ಮೇಲೆ ವಜ್ರದಂತೆ ಹೊಳೆಯುವ ಕಲ್ಲುಗಳ ಚಿತ್ರ, ಕೆಲವೇ ದಿನಗಳಲ್ಲಿ ಹೊಳಪು ಎಂಬ ಭರವಸೆ. ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಕಲ್ಲು ಉರುಳಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು. ಎರಡನೆಯ ವಾರ ಮೋಟರು ಸುಟ್ಟ ವಾಸನೆ ಬಂತು. ತೆಗೆದು ನೋಡಿದರೆ ಕಲ್ಲುಗಳ ಮೂಲೆ ಸಹ ಸವೆದಿರಲಿಲ್ಲ. ಮನೆಯವರೆಲ್ಲ ನಕ್ಕರು. ನನಗೆ ಸಿಟ್ಟು ಬಂದದ್ದು ನಗುವಿಗಲ್ಲ. ಅಡುಗೆಮನೆಗೆ ಮಿಕ್ಸಿ ತರುವಾಗ ನಾಲ್ಕು ಅಂಗಡಿ ಸುತ್ತಿ, ವಾಟ್ಸ್ ಕೇಳಿ, ಗ್ಯಾರಂಟಿ ಓದುವ ಇದೇ ಜನ, ನನ್ನ ಖುಷಿಗೆ ತರುವಾಗ ಆಟಿಕೆ ಸಾಕೆಂದುಕೊಂಡರಲ್ಲ!

ಆದ್ದರಿಂದ ಸೋದರಿಯರೇ, ತರುವುದಾದರೆ ನಿಜವಾದದ್ದನ್ನು ತನ್ನಿ. ರಬ್ಬರಿನ ಡಬ್ಬಿ ಇರಲಿ. ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಒಂದೂವರೆ ಕಿಲೋದಷ್ಟು ಹಿಡಿಯುವ ಡಬ್ಬಿ ಮನೆಗೆ ಸಾಕು. ತೀರ ಚಿಕ್ಕದರಲ್ಲಿ ಕಲ್ಲು ಉರುಳಲು ಜಾಗವಿರದೆ ಕೆಲಸ ಎಳೆಯುತ್ತದೆ. ಕಂಪಿಸುವ ಬಗೆಯ ಯಂತ್ರವೂ ಉಂಟು. ಅದು ಬೇಗ ಹೊಳಪು ಕೊಡುತ್ತದೆ, ಆದರೆ ಕಲ್ಲನ್ನು ಉರುಟು ಮಾಡುವುದಿಲ್ಲ. ವೇಗದ ಗುಂಡಿಗಳಿಗೆ ಮರುಳಾಗಬೇಡಿ. ಡಬ್ಬಿ ನಿಧಾನವಾಗಿ ಉರುಳಬೇಕು. ಬೆಲ್ಟು ಬೇರೆಯಾಗಿ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ. ಅಮೆರಿಕದಲ್ಲಿರುವ ಮಗಳೋ ತಂಗಿಯೋ ತರುತ್ತೇನೆಂದರೆ ವೋಲ್ಟೇಜು ವಿಚಾರಿಸಿ. ಅಲ್ಲಿಯದು 120, ನಮ್ಮದು 230. ಹಾಗೇ ಪ್ಲಗ್ ಚುಚ್ಚಿದರೆ ಒಂದೇ ಗಳಿಗೆಯಲ್ಲಿ ಅದರ ಕತೆ ಮುಗಿದಂತೆ.

ಎರಡನೆಯದನ್ನು ನನ್ನ ದುಡ್ಡಿನಲ್ಲಿ ತರಿಸಿದೆ. ಆ ಮೇಲಿನ ತಪ್ಪುಗಳೂ ನನ್ನವೇ. ಅಗೇಟಿನ ಜೊತೆ ಶಹಾಬಾದ್ ಕಲ್ಲಿನ ಚೂರುಗಳನ್ನೂ ಹಾಕಿದೆ. ವಾರದ ಮೇಲೆ ನೋಡಿದರೆ ಅವು ಕರಗಿ ರಾಡಿಯಾಗಿದ್ದವು! ಅದು ಸುಣ್ಣದ ಕಲ್ಲು. ಮೋಸ್ ಅಳತೆಯಲ್ಲಿ ಅದರ ಗಡಸುತನ 3ರ ಆಸುಪಾಸು, ಅಗೇಟಿನದು 7ರ ಹತ್ತಿರ. ಗಟ್ಟಿಯದರ ಜೊತೆ ಮೆತ್ತನೆಯದನ್ನು ಹಾಕಿದರೆ ಮೆತ್ತನೆಯದೇ ಸವೆಯುತ್ತದೆ. ಇದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಾಕುವಿನ ಮೊನೆಯಿಂದ ಗೀರಿ ನೋಡಿ. ಗೀರು ಬಿದ್ದ ಕಲ್ಲನ್ನು ಬೇರೆ ಇಡಿ.

ಎರಡನೆಯ ತಪ್ಪು, ಆ ರಾಡಿಯನ್ನು ಬಚ್ಚಲಿಗೆ ಸುರಿದದ್ದು. ಕಲ್ಲಿನ ಹಿಟ್ಟು ಪೈಪಿನಲ್ಲಿ ಸಿಮೆಂಟಿನಂತೆ ಕೂತುಬಿಟ್ಟಿತು. ಪೈಪು ಒಡೆಸಿ ಹಾಕಿಸುವಾಗ ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಈಗ ಹಳೆಯ ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರು ಅಂಗಳಕ್ಕೆ ಚೆಲ್ಲಿ, ಕೆಳಗಿನ ಗಸಿಯನ್ನು ಹಸಿಯಿರುವಾಗಲೇ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕುತ್ತೇನೆ. ಒಣಗಿಸಿ ಗುಡಿಸಬೇಡಿ, ಆ ಧೂಳು ಎದೆಗೆ ಕೆಟ್ಟದ್ದು.

ಉಳಿದದ್ದು ಅಡುಗೆಯಷ್ಟೇ ಶಿಸ್ತು. ಡಬ್ಬಿಯ ಮುಕ್ಕಾಲು ಭಾಗ ಕಲ್ಲು, ಮೇಲಿನ ಪದರದ ಕೆಳಮಟ್ಟಕ್ಕೆ ನೀರು, ನಾಲ್ಕು ದೊಡ್ಡ ಚಮಚ ಸಿಲಿಕಾನ್ ಕಾರ್ಬೈಡ್. ಮೊದಲ ವಾರ ದಪ್ಪ ರವೆಯಂಥ ಪುಡಿ, ಮುಂದಿನ ವಾರ ಸಣ್ಣದು, ಮೂರನೆಯ ವಾರ ಹಿಟ್ಟಿನಂಥದ್ದು, ಕೊನೆಗೆ ಹೊಳಪಿಗೆ ಅಲ್ಯುಮಿನಿಯಂ ಆಕ್ಸೈಡು. ಮೊದಲ ಹಂತದಲ್ಲಿ ಕಲ್ಲು ಉರುಟಾಗದಿದ್ದರೆ ಇನ್ನೊಂದು ವಾರ ಕೊಡಿ. ಪ್ರತಿ ಹಂತದ ನಡುವೆ ಕಲ್ಲು, ಡಬ್ಬಿ, ಮುಚ್ಚಳದ ಅಂಚು ಎಲ್ಲ ಉಜ್ಜಿ ತೊಳೆಯಬೇಕು. ದಪ್ಪ ಪುಡಿಯ ಒಂದು ಕಾಳು ಉಳಿದರೂ ಕೊನೆಯ ವಾರದ ಹೊಳಪಿನಲ್ಲಿ ಗೀರು ಬೀಳುತ್ತದೆ. ರೋಲರಿನ ತುದಿಗಳಿಗೆ ಆಗಾಗ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಬೆಲ್ಟಿಗೆ ತಾಗಿದರೆ ಅದು ಜಾರುತ್ತದೆ. ಮೋಟರಿಗೆ ಗಾಳಿ ಆಡಲಿ, ಕಪಾಟಿನೊಳಗೆ ಬಚ್ಚಿಡಬೇಡಿ.

"ಇಷ್ಟೆಲ್ಲ ಯಾಕ? ಪೇಟೆಯೊಳಗ ಹೊಳಿಯೋ ಕಲ್ಲು ಅಗ್ಗಕ್ಕ ಸಿಗ್ತಾವಲ್ಲ" ಎನ್ನುವವರಿಗೆ ಒಂದು ಮಾತು. ನಮ್ಮ ಪೇಟೆಗಳ ಹಕೀಕ್ ಮಣಿ, ಪದಕಗಳು ಬಹಳಷ್ಟು ಗುಜರಾತಿನ ಖಂಭಾತಿನಿಂದ ಬರುತ್ತವೆ. ಅಲ್ಲಿಯ ಕಸಬು ಬಲು ಹಳೆಯದು. ಹಿಂದೆ ಮಣಿಗಳನ್ನು ಉಜ್ಜುವ ಪುಡಿ, ನೀರಿನ ಜೊತೆ ತೊಗಲಿನ ಚೀಲಕ್ಕೆ ತುಂಬಿ ಇಬ್ಬರು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುತ್ತಿದ್ದರು. ನನ್ನ ಗಿರಣಿಯ ಅಜ್ಜ ಅದು! ಆದರೆ ಕಲ್ಲಿಗೆ ಆಕಾರ ಕೊಡಲು ಚಕ್ರದ ಮೇಲೆ ಒಣಗಿದ್ದಂತೆಯೇ ಉಜ್ಜುವಾಗ ಏಳುವ ಸಿಲಿಕಾ ಧೂಳಿನಿಂದ ಅಲ್ಲಿಯ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಹತ್ತಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದನ್ನು ಪರೀಕ್ಷಿಸಿ ಬರೆದಿದೆ. ಕಲ್ಲು ಮುಟ್ಟದೆ ನೆರೆಯಲ್ಲಿ ಬಾಳುವವರಿಗೂ ಆ ಧೂಳು ತಪ್ಪಿಲ್ಲ. ಆ ರೋಗಕ್ಕೆ ಔಷಧಿಯಿಲ್ಲ. ಖಂಭಾತಿನ ಸರಕು ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಅದು ಅವರ ಅನ್ನ. ಆದರೆ ಅಗ್ಗ ಎನ್ನಬೇಡಿ. ಒಂದು ಕಲ್ಲು ಹೊಳೆಯಲು ಎಷ್ಟು ದಿನ ಬೇಕೆಂದು ಕೈಯಾರೆ ಮಾಡಿ ನೋಡಿದವರ ಬಾಯಲ್ಲಿ ಆ ಮಾತು ಬರುವುದಿಲ್ಲ.

ಇನ್ನು ಉಪಯೋಗದ ಪ್ರಶ್ನೆ. ಇಡೀ ತಿಂಗಳು ಉರುಳಿದರೂ ಈ ಯಂತ್ರ ಒಂದು ಸೀಲಿಂಗ್ ಫ್ಯಾನಿನಷ್ಟು ಕರೆಂಟು ತಿನ್ನುವುದಿಲ್ಲ. ನನ್ನಿಂದ ಕೇಳುವುದು ವಾರಕ್ಕೊಂದು ಗಂಟೆ. ಆ ಗಂಟೆಯಲ್ಲಿ ಅನ್ನ ಆಯಿತೇ ಎಂದು ಯಾರಾದರೂ ಕೂಗಿದರೆ ನಾನು ಓಗೊಡುವುದಿಲ್ಲ. ಮೊದಮೊದಲು ಮನೆಯಲ್ಲಿ ಮುಖ ಊದಿಸಿಕೊಂಡರು. ಈಗ ಕುಕ್ಕರು ಇಡಲು ಕಲಿತಿದ್ದಾರೆ. ಲೆಕ್ಕ ಕೇಳುವವರು ಇದನ್ನೂ ಜಮಾಕ್ಕೆ ಹಾಕಿಕೊಳ್ಳಲಿ.

ಮೊನ್ನೆ ನಡುರಾತ್ರಿ ಕರೆಂಟು ಹೋಯಿತು. ಪಕ್ಕದಲ್ಲಿ ಮಲಗಿದ್ದವರು ಎದ್ದು ಕೂತು, "ನೋಡ, ನಿನ್ನ ಗಿರಣಿ ನಿಂತತಿ" ಎಂದರು. ವರ್ಷವಿಡೀ ಅದರ ಸದ್ದಿಗೆ ಗೊಣಗಿದವರು ಅವರೇ. "ನಿಲ್ಲಲಿ ಬಿಡ್ರಿ, ಕಲ್ಲಿಗೇನೂ ಅವಸರ ಇಲ್ಲ" ಎಂದು ನಾನು ಮಗ್ಗಲು ಬದಲಿಸಿದೆ.