ಭರಣಿಯ ಉಪ್ಪು ಮತ್ತು ರಕ್ತದ ಒತ್ತಡ

ಈ ಪುಟದಲ್ಲಿ ಅಡಿಕೆ ಧಾರಣೆ, ಕೊಳೆರೋಗ, ಕಾಫಿ ಕೊಯ್ಲು, ಸಾಲದ ಕಂತು ಇವುಗಳನ್ನೇ ಬರೆಯುತ್ತಿದ್ದ ಕಾರ್ಯದರ್ಶಿಯು ಈ ಸಲ ಊಟದ ಉಪ್ಪಿನ ಕುರಿತು ಬರೆಯಲು ಕಾರಣವಿದೆ. ಸಂಘದ ಕಚೇರಿಗೆ ಬಂದು ಕುಳಿತು, ಚೀಲದಿಂದ ಪಾಸ್ ಪುಸ್ತಕದೊಡನೆ ಮಾತ್ರೆಯ ಪಟ್ಟಿಯನ್ನೂ ಹೊರತೆಗೆಯುವ ಸದಸ್ಯರು ಹೆಚ್ಚುತ್ತಿದ್ದಾರೆ. "ತೋಟದಲ್ಲಿ ಮೈಮುರಿದು ದುಡಿಯುವವನಿಗೆ ಬಿ.ಪಿ. ಎಲ್ಲಿಂದ ಬರಬೇಕು?" ಎನ್ನುತ್ತಿದ್ದವನು ನಾನು. ಈಗ ನಾನೂ ಮಾತ್ರೆಯವನೇ.

ನಮ್ಮದು ಸಾತ್ವಿಕ ಊಟ, ಕುಚ್ಚಲಕ್ಕಿ ಗಂಜಿ, ಹೋಟೆಲು ತಿಂಡಿ ಅಪರೂಪ ಎಂದು ನಾವು ಹೆಮ್ಮೆ ಪಡುತ್ತೇವೆ. ಆದರೆ ಆ ಗಂಜಿಗೆ ನೆಂಚಿಕೊಳ್ಳುವುದೇನು? ಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಗೊಜ್ಜು, ಉಪ್ಪುಸೊಳೆಯ ಪಲ್ಯ, ಹಪ್ಪಳ, ಬಾಳಕದ ಮೆಣಸು. ಕೆಲವು ಮನೆಗಳಲ್ಲಿ ಒಣಮೀನು. ಹೊಳೆ ದಾಟಲಾಗದೆ ಮೂರು ತಿಂಗಳು ಮನೆಯೊಳಗೇ ಕೂರಬೇಕಾಗಿದ್ದ ಕಾಲದಲ್ಲಿ ಹಿರಿಯರು ಭರಣಿ ತುಂಬಿಸಿದ್ದು ಜಾಣತನ. ಕಡಬದ ಪೇಟೆಯಲ್ಲಿ ಆಟಿಯಲ್ಲೂ ತರಕಾರಿ ಸಿಗುವ ಈಗಲೂ ನಮ್ಮ ನಾಲಗೆ ಮಾತ್ರ ಭರಣಿಯನ್ನು ಬಿಟ್ಟಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿನ ಉಪ್ಪು ಸಾಕು. ಅಂದರೆ ಸುಮಾರು ಒಂದು ಟೀ ಚಮಚ, ಉಪ್ಪಿನಕಾಯಿ ಹಪ್ಪಳದ್ದೂ ಸೇರಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ. ಜಮಾಖರ್ಚಿನ ಮನುಷ್ಯನಾದ ನನಗೆ ಇದಕ್ಕಿಂತ ಸುಲಭದ ಪರೀಕ್ಷೆ ಕಾಣಲಿಲ್ಲ: ಅಂಗಡಿಯ ಬಿಲ್ಲುಗಳನ್ನು ತೆಗೆದು ವರ್ಷಕ್ಕೆ ಎಷ್ಟು ಉಪ್ಪು ಬಂತೆಂದು ಕೂಡಿಸಿರಿ. ದನಗಳಿಗೆ ಹಾಕಿದ್ದನ್ನು ಕಳೆಯಿರಿ, ಆಳುಗಳ ಊಟದ ಪಾಲನ್ನೂ ಕಳೆಯಿರಿ, ಮಿಡಿಗೆ ಹಾಕಿದ್ದನ್ನು ಮಾತ್ರ ಕಳೆಯಬೇಡಿ. ನನ್ನ ಮನೆಯ ಲೆಕ್ಕ ಇರಬೇಕಾದದ್ದರ ಎರಡು ಪಾಲಿಗೂ ಮೀರಿತ್ತು. ಮನೆಯಾಕೆ ಮೊದಲು ನಂಬಲಿಲ್ಲ, ಬಿಲ್ಲು ತೋರಿಸಿದ ಮೇಲೆ ಮಾತಾಡಲಿಲ್ಲ. ಇಂದುಪ್ಪಾದರೆ ತೊಂದರೆಯಿಲ್ಲವೆಂಬ ಮಾತೂ ಸರಿಯಲ್ಲ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಒತ್ತಡ ಇಳಿಸುವ ಪದಾರ್ಥಗಳು ನಮ್ಮ ತೋಟದಲ್ಲೇ ಇವೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡ್ಯಾಶ್' ಪ್ರಯೋಗದಲ್ಲಿ ಹಣ್ಣು, ತರಕಾರಿ, ಕೊಬ್ಬು ತೆಗೆದ ಹಾಲು ಮಜ್ಜಿಗೆ ಹೆಚ್ಚಾಗಿರುವ ಊಟ ಮಾಡಿದ ಬಿ.ಪಿ. ರೋಗಿಗಳಲ್ಲಿ ಎಂಟೇ ವಾರಗಳಲ್ಲಿ ಮೇಲಿನ ಅಂಕೆ ಸುಮಾರು 11ರಷ್ಟು ಇಳಿದಿತ್ತು. ಬಸಳೆ, ಹರಿವೆ, ಬಾಳೆದಿಂಡು, ಪಪ್ಪಾಯಿ, ಉಪ್ಪು ಹಾಕದ ಮಜ್ಜಿಗೆ ಇವೆಲ್ಲ ಆ ಜಾತಿಯ ಊಟವೇ. ಇವುಗಳಲ್ಲಿನ ಪೊಟ್ಯಾಸಿಯಂ ಒತ್ತಡ ತಗ್ಗಿಸಲು ಸಹಕಾರಿ. ಆದರೆ ಮೂತ್ರಪಿಂಡದ ತೊಂದರೆಯಿದ್ದವರಿಗೆ ಅದೇ ಅಪಾಯಕಾರಿಯಾದೀತು. ಅಂಥವರು ಎಳನೀರನ್ನಾಗಲಿ ಸೋಡಿಯಂ ಕಡಿಮೆ ಮಾಡಿದ ಉಪ್ಪನ್ನಾಗಲಿ ವೈದ್ಯರನ್ನು ಕೇಳದೆ ಬಳಸಬಾರದು. ಕಾಫಿ? ದಿನಕ್ಕೆ ಎರಡು ಮೂರು ಲೋಟದಿಂದ ಹೆಚ್ಚಿನವರಿಗೆ ಬಾಧೆಯಿಲ್ಲ ಎಂಬುದು ಬೆಳೆಗಾರರಿಗೆ ಸಮಾಧಾನದ ಸಂಗತಿ.

ಊಟ ಸರಿಪಡಿಸಿದೆನೆಂದು ಮಾತ್ರೆ ನಿಲ್ಲಿಸುವುದು ಬೇರೆ ಮಾತು. ಆ ತಪ್ಪನ್ನು ನಾನೇ ಮಾಡಿದ್ದೇನೆ. ಮೂರು ತಿಂಗಳು ಬಾಳೆದಿಂಡಿನ ರಸ ಕುಡಿದು, ತಲೆನೋವಿಲ್ಲ, ತಲೆ ತಿರುಗುವುದಿಲ್ಲ, ಗುಣವಾಯಿತೆಂದು ತಿಳಿದು, ಮದುವೆಯೊಂದಕ್ಕೆ ಪುತ್ತೂರಿಗೆ ಹೋದವನು ಸುಮ್ಮನೆ ಪರೀಕ್ಷಿಸಿಕೊಂಡಾಗ 180ಕ್ಕೆ 110 ಇತ್ತು. 140ಕ್ಕೆ 90 ದಾಟಿದರೆ ರೋಗವೆನ್ನುತ್ತಾರೆ. ಹಾನಿಯಾಗುವ ತನಕ ಇದು ಹೆಚ್ಚಾಗಿ ಏನನ್ನೂ ತಿಳಿಸದು. ಊಟ ಸರಿಯಾದಾಗ ಮಾತ್ರೆ ಕಡಿಮೆಯಾಗುವುದುಂಟು, ಕಡಿಮೆ ಮಾಡುವವರು ವೈದ್ಯರು.

ಇನ್ನು ಲೋ ಬಿ.ಪಿ. ಬೇಸಗೆಯಲ್ಲಿ ಅಡಿಕೆ ಕೊಯ್ಲಿಗೆ ಮರವೇರಿ ಇಳಿದವನಿಗೆ ತಲೆ ಸುತ್ತಿದರೆ, ಬೆವರಿ ನೀರು ಕಡಿಮೆಯಾದದ್ದೇ ಕಾರಣವಾದರೆ, ಮಲಗಿಸಿ ಕಾಲು ಎತ್ತರಿಸಿ, ಎಚ್ಚರವಿದ್ದರೆ ಉಪ್ಪು ಹಾಕಿದ ಗಂಜಿತಿಳಿ ಕೊಡುವುದು ಸರಿಯೇ. ಅವನನ್ನು ಆ ದಿನ ಮತ್ತೆ ಮರಕ್ಕೆ ಹತ್ತಿಸಬಾರದು. ಆದರೆ ತಲೆ ಸುತ್ತಿದ್ದೆಲ್ಲ ಲೋ ಬಿ.ಪಿ. ಅಲ್ಲ. ಅರುವತ್ತು ದಾಟಿದವರಿಗೆ, ಅಳೆಯದೆ, ಮನೆಮಂದಿ ಉಪ್ಪು ಹಾಕಿದ ಲಿಂಬೆ ಶರಬತ್ತು ಕುಡಿಸುವುದನ್ನು ಕಂಡು ಹೆದರಿದ್ದೇನೆ. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೊರಡಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯೊಳಗಿನ ಅವಕಾಶ ಮಾತ್ರ. ಕೋಡಿಂಬಾಳದಿಂದ ಮಂಗಳೂರಿನ ದಾರಿಯನ್ನು ಅದರಲ್ಲೇ ಲೆಕ್ಕ ಹಿಡಿಯಬೇಕು.

ಅಡಿಕೆ ತೂಗುವ ತಕ್ಕಡಿಯ ಪಕ್ಕದಲ್ಲಿ ಒಂದು ಬಿ.ಪಿ. ಯಂತ್ರವನ್ನೂ ಇಡಬೇಕೆಂದು ಮುಂದಿನ ಆಡಳಿತ ಮಂಡಳಿಯ ಸಭೆಗೆ ಪ್ರಸ್ತಾಪ ಕೊಡಲಿದ್ದೇನೆ. ಮಂಜೂರಾದರೆ, ನೋಡಿಸಿಕೊಳ್ಳಲು ಬರುವ ಸದಸ್ಯರು ಅರ್ಧ ಗಂಟೆ ಮೊದಲೇ ಕಾಫಿ, ಬೀಡಿ, ಹೊಗೆಸೊಪ್ಪಿನ ವೀಳ್ಯ ಬಿಟ್ಟಿರಬೇಕು, ಐದು ನಿಮಿಷ ಬೆಂಚಿನಲ್ಲಿ ಸುಮ್ಮನೆ ಕುಳಿತಿರಬೇಕು. ಆ ಐದು ನಿಮಿಷ ಧಾರಣೆಯ ಮಾತೆತ್ತಬಾರದು.