ಮುಳ್ಳಿನ ಮೇಲಣ ಅಪವಾದ

ಪಣಂಬೂರಿನ ಬಂದರದಿಂದ ರಸಗೊಬ್ಬರವನ್ನೋ ಕಲ್ಲಿದ್ದಲನ್ನೋ ಹೇರಿಕೊಂಡು, ಬಿ.ಸಿ.ರೋಡು, ಉಪ್ಪಿನಂಗಡಿ, ನೆಲ್ಯಾಡಿಗಳನ್ನು ಹಾದು, ಗುಂಡ್ಯದಿಂದಾಚೆ ಶಿರಾಡಿ ಘಾಟಿಯನ್ನೇರುವ ಹಳೆಯ ಲಾರಿಯ ಇಂಜಿನ್ನು ಎಷ್ಟು ಕಾದಿದೆಯೆಂಬುದನ್ನು ಚಾಲಕನಿಗೆ ಅರುಹತಕ್ಕ ಸಾಧನವು ಡ್ಯಾಶ್‌ಬೋರ್ಡಿನ ಒಂದು ಸಣ್ಣ ಮುಳ್ಳು ಮಾತ್ರವಾಗಿರುವಾಗ, ಆ ಮುಳ್ಳು ಕೆಟ್ಟರೂ ಚಿಂತೆಯಿಲ್ಲವೆಂಬ ನಮ್ಮ ಔದಾಸೀನ್ಯವು ಕ್ಷಮಾರ್ಹವೆಂದು ನನಗೆ ತೋರುವುದಿಲ್ಲ. "ಮೀಟರು ಸತ್ತು ಎಷ್ಟೋ ಕಾಲವಾಯ್ತು, ಗಾಡಿ ಓಡ್ತಾ ಉಂಟಲ್ಲ" ಎಂಬ ಸಮಾಧಾನವನ್ನು ಕೂಳೂರು, ಬೈಕಂಪಾಡಿಗಳ ಗ್ಯಾರೇಜುಗಳ ಮುಂದೆ ನಿಂತವರು ಕೇಳಿಯೇ ಇರುತ್ತಾರೆ.

ಇದರ ವಿಪರ್ಯಯವೂ ಅಷ್ಟೇ ವಿಚಿತ್ರವಾದುದು. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತೆಂದೊಡನೆ ಥರ್ಮೋಸ್ಟಾಟನ್ನು ಕಿತ್ತೆಸೆದು, ರೇಡಿಯೇಟರನ್ನು ಇಳಿಸಿ, ವಾಟರ್ ಪಂಪನ್ನು ಬದಲಾಯಿಸಿ, ಕಟ್ಟಕಡೆಗೆ ಹೆಡ್ಡನ್ನೇ ಎತ್ತಿ ನೋಡಿದ ಮೇಲೆ, ದೋಷವಿದ್ದುದು ಉಜ್ಜಿ ಸವೆದು ಬಾಡಿಗೆ ತಗಲುತ್ತಿದ್ದ ಒಂದು ತಂತಿಯಲ್ಲೆಂದು ಗೊತ್ತಾಗುವುದುಂಟು. ಥರ್ಮೋಸ್ಟಾಟಿಲ್ಲದ ಇಂಜಿನ್ನಾದರೋ ತನಗೆ ಉಚಿತವಾದ ಉಷ್ಣತೆಯನ್ನು ಬೇಗನೆ ಪಡೆಯಲಾರದೆ ಹೆಚ್ಚು ಡೀಸೆಲನ್ನು ನುಂಗುತ್ತ ಬೇಗ ಸವೆಯುತ್ತದೆ.

ವಾಸ್ತವವಾಗಿ ಈ ಯಂತ್ರದ ಮರ್ಮವು ಅತಿ ಸರಳವಾದುದು. ಹಳೆಯ ಲಾರಿಗಳಲ್ಲಿ ಹಲವಕ್ಕೆ ಇಂಜಿನ್ನಿನ ನೀರಿನ ದಾರಿಯಲ್ಲಿ ಒಂದು ಸೆನ್ಸರು ಹುದುಗಿರುತ್ತದೆ. ನೀರು ಕಾದಂತೆಲ್ಲ ಅದರೊಳಗಿನ ವಿದ್ಯುತ್‌ ಪ್ರತಿರೋಧವು ತಗ್ಗಿ, ಹೆಚ್ಚು ಪ್ರವಾಹ ಹರಿದು, ಮುಳ್ಳು ಮೇಲೇರುತ್ತದೆ. ಆದುದರಿಂದ ತಣ್ಣಗಿರುವ ಇಂಜಿನ್ನಿನಲ್ಲಿ ಕೀಲಿ ತಿರುಗಿಸಿ, ಸೆನ್ಸರಿನ ತಂತಿಯನ್ನು ಕಳಚಿದರೆ ಮುಳ್ಳು ಕೆಳಗೆ ಬೀಳಬೇಕು. ಅದೇ ತಂತಿಯ ತುದಿಯನ್ನು ಸಣ್ಣದೊಂದು ಬಲ್ಬಿನ ಮೂಲಕ ಇಂಜಿನ್ನಿನ ಶುಭ್ರವಾದ ಕಬ್ಬಿಣಕ್ಕೆ ಕ್ಷಣಕಾಲ ಮುಟ್ಟಿಸಿದರೆ ಮುಳ್ಳು ಮೇಲಕ್ಕೆ ಜಿಗಿಯಬೇಕು. ಎರಡೂ ಆದರೆ ಮೀಟರೂ ತಂತಿಯೂ ನಿರ್ದೋಷಿಗಳು, ಸೆನ್ಸರೇ ಅಪರಾಧಿ. ಕಳಚಿದ ಮೇಲೂ ಮುಳ್ಳು ಮೇಲೆಯೇ ನಿಂತಿದ್ದರೆ ತಂತಿಯು ಎಲ್ಲಿಯೋ ಬಾಡಿಗೆ ತಗಲಿದೆ. ಡೀಸೆಲಿನ ಮುಳ್ಳೂ ಜೊತೆಗೂಡಿ ಅಡ್ಡಾದಿಡ್ಡಿ ಕುಣಿಯುತ್ತಿದ್ದರೆ ಡ್ಯಾಶ್‌ಬೋರ್ಡಿನ ಹಿಂದಿನ ಅರ್ತನ್ನೋ ವೋಲ್ಟೇಜ್ ಸ್ಟೆಬಿಲೈಸರನ್ನೋ ಶಂಕಿಸತಕ್ಕದ್ದು. ಕಡಲ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಕೂಡಿದ ಮಂಗಳೂರಿನಲ್ಲಿ ಅರ್ತ್ ತಂತಿಯ ಬೋಲ್ಟು ಹಸಿರುಗಟ್ಟಿ ಕೂರುವುದರಲ್ಲಿ ಆಶ್ಚರ್ಯವೇನು? ನೀರು ಸೋರದಿರಲೆಂದು ಸೆನ್ಸರಿನ ತಿರುಪಿನ ಎಳೆಗಳಿಗೆ ಬಿಳಿಯ ಟೇಪನ್ನು ದಪ್ಪನಾಗಿ ಸುತ್ತುವ ಅತಿಜಾಣ್ಮೆಯೂ ಇದೇ ಅರ್ತ್ ಸಂಪರ್ಕವನ್ನು ಕೆಡಿಸಬಲ್ಲುದು.

ಮುಳ್ಳು ತಣ್ಣಗಿದೆಯೆಂದು ತೋರಿಸಿದ ಮಾತ್ರಕ್ಕೆ ಇಂಜಿನ್ನು ತಣ್ಣಗಿದೆಯೆನ್ನಲಾಗದು. ಹೋಸು ಒಡೆದು ನೀರೆಲ್ಲ ಸುರಿದುಹೋದಾಗ ಸೆನ್ಸರು ಬರಿಯ ಗಾಳಿಯಲ್ಲಿ ನಿಂತು, ಹೆಡ್ಡು ಕೆಂಡವಾಗುತ್ತಿದ್ದರೂ ಮುಳ್ಳನ್ನು ಕೆಳಗಿಳಿಸಿಬಿಡಬಹುದು. ಘಾಟಿಯ ನೆತ್ತಿಯಾದ ಸಕಲೇಶಪುರವು ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕ ಎತ್ತರದಲ್ಲಿದ್ದು, ಅಲ್ಲಿ ತೆರೆದ ಪಾತ್ರೆಯ ನೀರು ನಮ್ಮ ಬಂದರಿನಲ್ಲಿ ಕುದಿಯುವುದಕ್ಕಿಂತ ಸುಮಾರು 3 ಡಿಗ್ರಿ ಮೊದಲೇ ಕುದಿಯುವುದರಿಂದ, ರೇಡಿಯೇಟರಿನ ಮುಚ್ಚಳ ಸಡಿಲವಾಗಿರುವ ಲಾರಿಗೆ ಏರುದಾರಿಯ ಕೊನೆಯೇ ಹೆಚ್ಚು ಗಂಡಾಂತರದ್ದು.

ಇದು ಮಾಲೀಕನ ಸ್ವಂತ ವ್ಯವಹಾರವೆಂದು ಸುಮ್ಮನಿರುವಂತಿಲ್ಲ. ಶಿರಾಡಿಯ ತಿರುವಿನಲ್ಲಿ ಹೀಟಾಗಿ ಅಡ್ಡನಿಂತ ಒಂದು ಲಾರಿಯ ಹಿಂದೆ ಬೆಂಗಳೂರಿನ ಬಸ್ಸುಗಳೂ ಆಂಬುಲೆನ್ಸುಗಳೂ ಕಾಯಬೇಕಾಗುತ್ತದೆ. ಎಂಟು ವರ್ಷ ಮೀರಿದ ಸಾರಿಗೆ ವಾಹನಗಳು ಪ್ರತಿವರ್ಷವೂ ಅರ್ಹತಾಪತ್ರಕ್ಕಾಗಿ ತಪಾಸಣೆಗೆ ಬರಬೇಕೆಂಬ ನಿಯಮ ಹೇಗೂ ಇದೆ. ಬ್ರೇಕು, ದೀಪ, ಹೊಗೆಗಳನ್ನು ನೋಡುವ ಅಧಿಕಾರಿಗಳು ಈ ಒಂದು ತಂತಿಯನ್ನೂ ಕಳಚಿಸಿ ಮುಳ್ಳು ಬೀಳುವುದನ್ನು ಕಣ್ಣಾರೆ ಕಂಡು, ಬೀಳದಿದ್ದರೆ ಲಾರಿಯನ್ನು ದುರಸ್ತಿಗೆ ಹಿಂದಕ್ಕೆ ಕಳುಹಿಸಲಿ.