ಅಳೆಯಬೇಕಾದ್ದು ಅಪಾಯವನ್ನು

ಅಮೆರಿಕದಲ್ಲಿ ಅಪರಾಧಿಗಳಿಗೆ ಬಂದೂಕು ನಿಷೇಧಿಸುವ ಕಾನೂನನ್ನು ಪ್ರಶ್ನಿಸುವವರೆಲ್ಲ ಬಂದೂಕು ಲಾಬಿಯ ಬಾಲಂಗೋಚಿಗಳು ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಒಪ್ಪಲಾರೆ. ಪೆನ್ಸಿಲ್ವೇನಿಯಾದ ಒಬ್ಬಾತ 1995ರಲ್ಲಿ, ಆಹಾರ ಕೂಪನ್ನಿಗಾಗಿ ಆದಾಯ ಪೂರ್ತಿ ತೋರಿಸದ ತಪ್ಪೊಪ್ಪಿಕೊಂಡ. ಜೈಲಿಗೂ ಹೋಗಲಿಲ್ಲ. ಆದರೆ ಅದು ಐದು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ. ಅಷ್ಟಕ್ಕೇ ಆಜೀವ ನಿಷೇಧ! 2024ರ ಡಿಸೆಂಬರಿನಲ್ಲಿ ಮೂರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅವನ ಪರ ತೀರ್ಪಿತ್ತಿತು.

ಅದೇ ವರ್ಷ, ಸಂಗಾತಿಯನ್ನು ಬಡಿದ ರಹೀಮಿ ಎಂಬಾತನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇತರರ ದೈಹಿಕ ಸುರಕ್ಷತೆಗೆ ಬೆದರಿಕೆಯೆಂದು ನ್ಯಾಯಾಲಯ ಕಂಡುಕೊಂಡವರಿಂದ ತಾತ್ಕಾಲಿಕವಾಗಿ ಬಂದೂಕು ಕಸಿಯಬಹುದೆಂದು 8–1 ಬಹುಮತದಿಂದ ಹೇಳಿತು. ಸರಿಯಾದ ಅಳತೆಗೋಲು ಅದೇ. ಸಂಗಾತಿಯನ್ನು ಬಡಿದವನನ್ನೂ ಸುಳ್ಳು ಅರ್ಜಿ ಕೊಟ್ಟವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಹಿಂಸೆ ಎಸಗಿದವರಿಗೆ ನಿಷೇಧ ಬಿಗಿಯಾಗಿಯೇ ಇರಲಿ. ಉಳಿದವರಿಗೆ ನ್ಯಾಯಾಧೀಶರೆದುರು ವಾದಿಸುವ ದಾರಿ ತೆರೆದಿರಬೇಕು.